ಏಳು ಹುರುಳಿಕಾಯಿಗಳ ವಿಷಯವಾಗಿ ಮೇಲಿನ ಮೂಲೆಯ ತೆಂಗಿನ ಮರಕ್ಕೆ

ಹೊನ್ನವಳ್ಳಿ,
ಏಪ್ರಿಲ್ 9, 2000

ಇವರಿಗೆ:
ಶ್ರೀ ತೆಂಗಿನ ಮರದವರು,
ಮೇಲಿನ ಮೂಲೆ, ರೇವಮ್ಮನವರ ತೋಟ,
ಹೊನ್ನವಳ್ಳಿ, ತಿಪಟೂರು ತಾಲ್ಲೂಕು.

ವಿಷಯ: ನನ್ನ ತರಕಾರಿ ತೋಟವನ್ನು ತಾವು ಆರು ತಿಂಗಳ ಕಾಲ ಬೇರಿನ ಮೂಲಕ ಸೇವಿಸಿದ ಬಗ್ಗೆ.

ಮಾನ್ಯರೇ,

ಅರವತ್ತು ಅಡಿ ಎತ್ತರದಲ್ಲಿ ತಲೆ ಇಟ್ಟುಕೊಂಡಿರುವ ತಮಗೆ ನೆಲಮಟ್ಟದಿಂದ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಹೋದ ವರ್ಷ ನಾನು ಈ ಊರಿಗೆ ಬಂದಾಗ ಇದ್ದುದಕ್ಕಿಂತ ಈಗ ತಾವು ಬಹಳ ಹೆಚ್ಚು ಕ್ಷೇಮವಾಗಿದ್ದೀರಿ, ಮತ್ತು ಈ ಪತ್ರ ಬರೆಯಬೇಕಾಗಿ ಬಂದಿರುವುದೂ ಅದರಿಂದಲೇ. ತಮಗೆ ಓದಲು ಬಾರದು ಎಂದು ಯಾರಾದರೂ ಆಕ್ಷೇಪಿಸಬಹುದು; ಬಹಿರಂಗ ಪತ್ರವಾದ್ದರಿಂದ ತೋಟದ ದಾರಿಯಲ್ಲಿ ಹೋಗುವ ಯಾರೇ ಆದರೂ ಇದನ್ನು ತಮ್ಮ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ನಾನು ಯಾರೆಂದು ತಮಗೆ ತಿಳಿಯದೆ ಇರಲಾರದು, ಏಕೆಂದರೆ ದಿನಕ್ಕೆ ಎರಡು ಹೊತ್ತು ನಾನು ತಮ್ಮ ಕಾಲಬುಡದಲ್ಲಿ ಬಗ್ಗಿಕೊಂಡೇ ಇದ್ದೆ. ಆದರೂ ದೂರಿನಲ್ಲಿ ದೂರುದಾರರ ಪರಿಚಯ ಇರಬೇಕೆಂಬ ಪದ್ಧತಿಗೆ ತಲೆಬಾಗಿ ಹೇಳುತ್ತೇನೆ. ಹೆಸರು ಶಿಲ್ಪ, ವಯಸ್ಸು ಇಪ್ಪತ್ತೆರಡು, ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆದವಳು. ನಮ್ಮ ಮನೆಗೆ ಸೇರಿದ ಒಟ್ಟು ಮಣ್ಣು ಒಂದು ತುಳಸಿ ಕುಂಡದಷ್ಟು, ಅದಕ್ಕೂ ನೀರು ಹಾಕುತ್ತಿದ್ದವರು ಅಮ್ಮ. ಆದರೆ ನಾನು ಓದಿದವಳು. ಕಾಲೇಜಿನ ಎದುರಿನ ಫುಟ್‌ಪಾತಿನಲ್ಲಿ ಹಳೆಯ ಕಿರುಹೊತ್ತಿಗೆಗಳನ್ನು ಹರಡಿಕೊಂಡು ಕೂರುತ್ತಿದ್ದವರ ಬಳಿ ಸಹಜ ಕೃಷಿ, ಸ್ವಾವಲಂಬನೆ, ಬೀಜ ಸ್ವಾತಂತ್ರ್ಯ ಎಂಬ ಮಾತು ರಟ್ಟಿನ ಮೇಲೆ ಕಂಡದ್ದನ್ನೆಲ್ಲ ಕೊಂಡು, ಅಡಿಗೆರೆ ಎಳೆದು, ಕೆಲವನ್ನು ಬಾಯಿಪಾಠವೂ ಮಾಡಿದವಳು. ಅವುಗಳಲ್ಲಿ 'ಅಂಗೈಯಗಲ ನೆಲದಲ್ಲಿ ಕ್ರಾಂತಿ' ಎಂಬ ಮೂವತ್ತೆರಡು ಪುಟದ ಹೊತ್ತಿಗೆಯನ್ನು ಓದಿದ ಮೇಲೆ ನನಗೆ ಅಂಗೈಯಗಲ ನೆಲವೊಂದು ಬಾಕಿ ಉಳಿದಿತ್ತು, ಅಷ್ಟೆ.

ಆ ನೆಲ ಹೊನ್ನವಳ್ಳಿಯಲ್ಲಿ ಸಿಕ್ಕಿತು. ನನ್ನ ಕಾಲೇಜಿನ ಗೆಳತಿ ಧನಲಕ್ಷ್ಮಿ ಮದುವೆಯಾಗಿ ಅರಸೀಕೆರೆಗೆ ಹೋದ ಮೇಲೆ ಅವಳ ಕೋಣೆ ಖಾಲಿಯಿತ್ತು. ಅವಳ ತಾಯಿ ರೇವಮ್ಮನವರು, ಅಂದರೆ ತಮ್ಮ ಒಡತಿ, ಹನ್ನೆರಡು ಎಕರೆ ತೆಂಗನ್ನೂ ಊರಿನ ಮಹಿಳಾ ಸಂಘವನ್ನೂ ಒಂದೇ ದನಿಯಲ್ಲಿ ನಡೆಸುವವರು, ಬಾ ಎಂದರು. ನಾನು ಬಂದ ಮೊದಲ ಬೆಳಿಗ್ಗೆಯೇ ತಿಪಟೂರಿನ ಬಸ್ಸಿನಿಂದ ಒಂದು ಚೀಲ ಹುರುಳಿಕಾಯಿ ಇಳಿಯುವುದನ್ನು ಕಂಡೆ. ಕಣ್ಣು ಹಾಯಿಸಿದಷ್ಟು ದೂರ ಮಣ್ಣಿರುವ ಊರಿಗೆ ತರಕಾರಿ ಬಸ್ಸು ಹತ್ತಿ ಬರುತ್ತಿತ್ತು! ಕಾರಣ ಕೇಳಿದರೆ ಊರವರೆಲ್ಲ ತಮ್ಮ ತೆಂಗಿನ ಕುಲದ ಕಡೆಗೇ ಕೈ ತೋರಿಸಿದರು. ಇಲ್ಲಿ ಮಣ್ಣೆಂದರೆ ತಮ್ಮದು, ನೀರೆಂದರೆ ತಮ್ಮದು, ಅಟ್ಟವೆಂದರೆ ತಮ್ಮ ಕೊಬ್ಬರಿಯದು, ಮನುಷ್ಯರು ಅಟ್ಟದ ಕೆಳಗೆ ಎಲ್ಲೋ ಒಂದಿಷ್ಟು ಜಾಗ ಮಾಡಿಕೊಂಡು ಬದುಕಿದ್ದಾರೆ. ಇಂಥ ಸರ್ವಾಧಿಕಾರವನ್ನು ನಾನು ಹೊತ್ತಿಗೆಗಳಲ್ಲಿ ಮಾತ್ರ ಓದಿದ್ದೆ.

ಆ ದಿನವೇ ರೇವಮ್ಮನವರ ಜಗಲಿಯಲ್ಲಿ ಒಂದು ಒಪ್ಪಂದವಾಯಿತು, ಮತ್ತು ತಮ್ಮ ಜೀವಕ್ಕೆ ಸಂಬಂಧಪಟ್ಟ ವಿಚಾರವಾದ್ದರಿಂದ ಅದನ್ನು ತಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಆಗ ತಾವು ಎಂಟು ವರ್ಷಗಳಿಂದ ಒಂದು ಕಾಯಿಯನ್ನೂ ನಿಲ್ಲಿಸಿಕೊಂಡವರಾಗಿರಲಿಲ್ಲ. ಹೊಂಬಾಳೆಯನ್ನೇನೋ ಠೀವಿಯಿಂದ ಬಿಡುತ್ತಿದ್ದಿರಿ, ಆಮೇಲೆ ಗೋಲಿಗಾತ್ರದ ಎಳೆಗಾಯಿಗಳನ್ನು, ಅಂದರೆ ಹರಳುಗಳನ್ನು, ಒಂದೂ ಬಿಡದೆ ನೆಲಕ್ಕೆ ಉದುರಿಸುತ್ತಿದ್ದಿರಿ. ತಮ್ಮ ಮೂಲೆ ಏರಿನಲ್ಲಿರುವುದರಿಂದ ಕಾಲುವೆಯ ನೀರು ಅಲ್ಲಿಗೆ ಹತ್ತುವುದಿಲ್ಲ. ತಮ್ಮ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಊರಿನ ಭಾಷೆಯಲ್ಲಿ ತಾವು ಗೊಡ್ಡು ಮರ. ಒಪ್ಪಂದವೇನೆಂದರೆ, ಯುಗಾದಿಗೆ ಮುಂಚಿನ ಭಾನುವಾರ ಸಂಘದ ಹನ್ನೊಂದು ಹೆಂಗಸರಿಗೆ ನಾನು ಬೆಳೆದ ತರಕಾರಿಯಿಂದಲೇ ಒಂದು ಹೊತ್ತಿನ ಹುಳಿ ಮಾಡಿ ಬಡಿಸಿದರೆ ರೇವಮ್ಮನವರು ತಮ್ಮನ್ನು ಕಡಿಸಿ, ಕೊಟ್ಟಿಗೆಗೆ ತೊಲೆ ಮಾಡಿಕೊಂಡು, ಆ ಮೂಲೆಯನ್ನು ಬಿಸಿಲಿನ ಸಮೇತ ನನಗೆ ಬಿಟ್ಟುಕೊಡುವುದು. ಬಡಿಸಲಾಗದಿದ್ದರೆ ನಾನು ಮಾರನೆಯ ದಿನದ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಅಪ್ಪ ಆಗಲೇ ವಿಚಾರಿಸಿಟ್ಟಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರುವುದು. ಒಪ್ಪುವ ಮೊದಲು ರೇವಮ್ಮನವರು ಒಂದೇ ಒಂದು ಪ್ರಶ್ನೆ ಕೇಳಿದರು: "ದಿನಾ ನೀರು ಹಾಕ್ತೀಯೇನವ್ವ, ತಪ್ಪಿಸ್ದಂಗೆ?" ಹಾಕುತ್ತೇನೆ ಎಂದೆ. "ಹಂಗಾದ್ರೆ ಶುರು ಮಾಡು" ಎಂದು ಒಳಗೆ ಹೋದರು. ಹೋಗುವಾಗ ಅವರು ಸೆರಗು ಬಾಯಿಗೆ ಹಿಡಿದದ್ದು ಕೆಮ್ಮಿಗೆ ಎಂದುಕೊಂಡೆ.

ಈಗ ನನ್ನ ಕಡೆಯ ಒಂದು ಸಣ್ಣ ಲೋಪವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ದಸರಾ ಕಳೆದ ಹೊಸತರಲ್ಲಿ ರೇವಮ್ಮನವರು ತೋಟದಲ್ಲಿ ಕುರಿ ಮಂದೆ ನಿಲ್ಲಿಸಿದ್ದರು, ತೋಟ ನೋಡಿಕೊಳ್ಳುವ ಸಣ್ಣತಿಮ್ಮಯ್ಯನವರು ಪ್ರತಿ ಮರದ ಬುಡ ಅಗೆದು ಆ ಹಿಕ್ಕೆಯನ್ನು ಸೇರಿಸಿ ದುಂಡಗೆ ಬದು ಕಟ್ಟಿದ್ದರು. ತಮ್ಮ ಬುಡದಲ್ಲೂ ಹಾಗೆಯೇ ಇತ್ತು. ನನ್ನ ಹೊತ್ತಿಗೆಯ ಒಂಬತ್ತನೇ ಪುಟದಲ್ಲಿ 'ಆದರ್ಶ ವೃತ್ತಾಕಾರದ ತರಕಾರಿ ಮಡಿ' ಎಂದು ಒಂದು ಚಿತ್ರವಿದೆ, ಮಧ್ಯದಲ್ಲಿ ಒಂದು ಕಂಬವೂ ಇದೆ. ತಮ್ಮ ಪಾತಿಯನ್ನು ಕಂಡಾಗ ನನಗೆ ಆ ಪುಟವೇ ಎದ್ದು ಬಂದಂತಾಯಿತು. ಇದನ್ನು ರೇವಮ್ಮನವರು ನನ್ನ ಸ್ವಾಗತಕ್ಕಾಗಿ ಸಿದ್ಧಪಡಿಸಿದ್ದಾರೆಂದು ಭಾವಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಏಳು ಬಗೆಯ ಬೀಜ ಹಾಕಿದೆ. ಮದುವೆ ಮನೆಯಲ್ಲಿ ಬೇರೆಯವರಿಗೆಂದು ಬಡಿಸಿಟ್ಟ ಎಲೆಯ ಮುಂದೆ ಹೋಗಿ ಕುಳಿತ ಹಾಗಾಯಿತೆಂದು ಈಗ ಗೊತ್ತಾಗಿದೆ. ಸಣ್ಣತಿಮ್ಮಯ್ಯನವರು ಹತ್ತಿರ ಬಂದು ನೋಡಿ "ಅದು ಮರದ ಪಾತಿ ಕಣವ್ವ" ಎಂದು ಹೇಳಿದ್ದು ನಿಜ. ಅದಕ್ಕೆ ಉತ್ತರವಾಗಿ ನಾನು ಸಹಬಾಳ್ವೆಯ ಬಗ್ಗೆ, ಸಸ್ಯಸಮುದಾಯಗಳ ನಡುವಿನ ಸಹಕಾರದ ಬಗ್ಗೆ ಕಾಲು ಗಂಟೆ ವಿವರಿಸಿದ್ದೂ ನಿಜ. ಅವರು ಗುದ್ದಲಿಗೆ ಒರಗಿಕೊಂಡು ಪೂರ್ತಿ ಕೇಳಿ, "ಆಯ್ತು ಬುಡವ್ವ, ಹಾಕು. ಮರಕ್ಕೂ ಒಳ್ಳೇದೇ" ಎಂದು ಹೊರಟುಹೋದರು. ಒಬ್ಬ ಶ್ರಮಜೀವಿಯ ಮನ ಗೆದ್ದೆನೆಂದು ಆ ದಿನ ಅಪ್ಪನಿಗೆ ಕಾಗದ ಬರೆದೆ.

ಅಲ್ಲಿಂದ ಮುಂದೆ ನಾನು ತಮಗಾಗಿ, ಅಂದರೆ ನನಗಾಗಿ ಎಂದು ತಿಳಿದುಕೊಂಡು, ಏನೇನು ಮಾಡಿದೆನೆಂಬುದು ತಮಗೇ ತಿಳಿದಿದೆ. ಬೋರ್‌ವೆಲ್ಲಿನ ತೊಟ್ಟಿಯಿಂದ ಏರು ಹತ್ತಿ ಬೆಳಿಗ್ಗೆ ಹತ್ತು ಬಿಂದಿಗೆ, ಸಂಜೆ ಹತ್ತು ಬಿಂದಿಗೆ. ಮೊದಲ ವಾರ ಕೈ ಬೊಬ್ಬೆ ಬಂತು, ಎರಡನೇ ವಾರ ಸೊಂಟ ಹಿಡಿಯಿತು, ಮೂರನೇ ವಾರ ಎರಡೂ ಸಹಬಾಳ್ವೆ ನಡೆಸಿದವು. ಬೇಸರ ಬಂದ ದಿನಗಳಲ್ಲಿ ಸೆಗಣಿ ಕದಡಿದ ನೀರು, ಉತ್ಸಾಹದ ದಿನಗಳಲ್ಲಿ ಬೂದಿ, ಹೊಂಗೆ ಹಿಂಡಿ. ತಾವು ಎಲ್ಲವನ್ನೂ ಮೌನವಾಗಿ ಸ್ವೀಕರಿಸಿದಿರಿ. ಮೂಲಂಗಿಗೆ ಮೊಣಕಾಲುದ್ದದ ಸೊಪ್ಪು ಬಂತು, ಕಿತ್ತು ನೋಡಿದರೆ ಕೆಳಗೆ ಬಾಲ್‌ಪೆನ್ನಿನ ರೀಫಿಲ್ಲಿನಷ್ಟು ಗಡ್ಡೆ. ಟೊಮೆಟೊ ಗಿಡಗಳು ಬಿಸಿಲು ಹುಡುಕಿಕೊಂಡು ಬದು ದಾಟಿ ಪಕ್ಕದ ಸಾಲಿಗೆ ವಲಸೆ ಹೋದವು. ಬೆಂಡೆ ಹುಟ್ಟಿದ್ದೇ ನನಗೆ ಕಾಣಲಿಲ್ಲ. ಕ್ಯಾರೆಟ್ ಒಂದು ಮಾತ್ರ ದಿವ್ಯವಾಗಿ ಬೆಳೆಯಿತು. ಅದರ ಚಿತ್ತಾರದಂಥ ಎಲೆಗಳಿಗೆ ಮೂರು ವಾರ ಪ್ರತ್ಯೇಕವಾಗಿ ನೀರುಣಿಸಿ, ಸುತ್ತ ಬೆಳೆದಿದ್ದ ಅನಗತ್ಯ ಸಸಿಗಳನ್ನೆಲ್ಲ ಕಿತ್ತೆಸೆದು, ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ. ಸಂಘದ ಚಿಕ್ಕಗೌರಮ್ಮನವರು ಬಂದು ನೋಡಿ, ಕಿತ್ತೆಸೆದ ಸಸಿಗಳೇ ಕ್ಯಾರೆಟ್ ಎಂದೂ, ನಾನು ಸಾಕುತ್ತಿರುವುದು ಕಾಂಗ್ರೆಸ್ ಹುಲ್ಲೆಂದೂ ತಿಳಿಸಿದರು. ಊರೆಲ್ಲ ಅದನ್ನು ಕಿತ್ತು ಸುಡುತ್ತಿರುವ ಕಾಲದಲ್ಲಿ ಅದಕ್ಕೆ ಬದು ಕಟ್ಟಿ ಗೊಬ್ಬರ ಹಾಕಿದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕೆಂದು ಅವರು ಲೆಕ್ಕ ಹಾಕಿದರು.

ಬದನೆ, ಕೊತ್ತಂಬರಿ ಇದ್ದೂ ಇಲ್ಲದ ಹಾಗಿದ್ದವು. ಉಳಿದದ್ದು ಹುರುಳಿಕಾಯಿ. ಅದರ ಬಳ್ಳಿಗಳನ್ನು, ಪುಟ ಒಂಬತ್ತರ ಕಂಬದ ಚಿತ್ರಕ್ಕೆ ನಿಷ್ಠಳಾಗಿ, ತಮ್ಮ ಮೈಮೇಲೆಯೇ ದಾರ ಕಟ್ಟಿ ಹಬ್ಬಿಸಿದ್ದೆ. ಜನವರಿಯ ಒಂದು ಮಧ್ಯಾಹ್ನ, ಗಾಳಿಯಿಲ್ಲದ ಹೊತ್ತಿನಲ್ಲಿ, ಬಳ್ಳಿ ಹೂ ಬಿಟ್ಟ ಮಾರನೆಯ ದಿನವೇ, ತಾವು ಹದಿನೈದು ಅಡಿ ಉದ್ದದ ಒಂದು ಒಣಗರಿಯನ್ನು ಕಳಚಿ ಅದರ ಮೇಲೆ ಇಟ್ಟಿರಿ. ಅಷ್ಟು ನಿಖರವಾದ ಗುರಿಯನ್ನು ನಾನು ಕಂಡಿಲ್ಲ. ಬಲಗಡೆ ಬಿದ್ದಿದ್ದರೆ ಕಾಂಗ್ರೆಸ್ ಹುಲ್ಲಿತ್ತು, ಎಡಗಡೆ ಬಿದ್ದಿದ್ದರೆ ಖಾಲಿ ನೆಲವಿತ್ತು. ಅದೇ ತಿಂಗಳಿನಿಂದ ತಮ್ಮ ಹರಳುಗಳು ನನ್ನ ಬೆನ್ನ ಮೇಲೆ ಉದುರುವುದು ನಿಂತುಹೋಯಿತು. ತಾವು ಮಾಡಿದ್ದಕ್ಕೆ ತಮಗೇ ನಾಚಿಕೆಯಾಗಿದೆ ಎಂದು ತಿಳಿದು ನಾನು ತಮ್ಮನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ಈ ಕ್ಷಮೆಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ.

ಕೇವಲ ದೂರು ಹೇಳಿ ಪರಿಹಾರ ಸೂಚಿಸದೆ ಇರುವುದು ಜವಾಬ್ದಾರಿಯುತ ನಾಗರಿಕರ ಲಕ್ಷಣವಲ್ಲವಾದ್ದರಿಂದ ಕೆಲವು ವಿನಂತಿಗಳನ್ನು ಇಲ್ಲಿ ಸಲ್ಲಿಸುತ್ತೇನೆ. ತಾವು ದಯವಿಟ್ಟು ಮುಂದಿನ ಮಳೆಗಾಲದೊಳಗೆ ಹನ್ನೆರಡು ಅಡಿ ಪೂರ್ವಕ್ಕೆ ಸರಿಯಬೇಕು. ಏಕಾಏಕಿ ಆಗದಿದ್ದರೆ ತಿಂಗಳಿಗೆ ಒಂದಡಿಯಂತೆ ಸರಿದರೂ ನನ್ನ ಅಭ್ಯಂತರವಿಲ್ಲ. ಬೇರುಗಳನ್ನು ತಮ್ಮ ಕಾಂಡದ ಸುತ್ತಳತೆಯೊಳಗೇ ಮಡಚಿ ಇಟ್ಟುಕೊಳ್ಳಬೇಕು. ಗರಿ ಉದುರಿಸುವ ಮುಂಚೆ ಮೂರು ದಿನದ ಲಿಖಿತ ಸೂಚನೆ ಕೊಡಬೇಕು ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಉದುರಿಸಬಾರದು. ನೆರಳನ್ನು ಬೆಳಗಿನ ಹೊತ್ತು ತಮ್ಮ ಹತ್ತಿರವೇ ಇಟ್ಟುಕೊಂಡು, ನಾನು ಬಿಂದಿಗೆ ಹೊರುವ ದಾರಿಯ ಮೇಲೆ ಮಾತ್ರ ಚೆಲ್ಲಬೇಕು. ಇವುಗಳಲ್ಲಿ ಯಾವುದಾದರೂ ತಮ್ಮ ಜಾತಿಯ ಮರಗಳಿಗೆ ರೂಢಿಯಿಲ್ಲವೆಂದಾದರೆ, ರೂಢಿಯಿಲ್ಲದ್ದನ್ನು ಆರಂಭಿಸುವುದೇ ಪ್ರಗತಿ ಎಂಬ ವಾಕ್ಯ ನನ್ನ ಹೊತ್ತಿಗೆಯ ಹಿಂಬದಿಯ ರಟ್ಟಿನಲ್ಲಿದೆ ಎಂದು ತಮ್ಮ ಗಮನಕ್ಕೆ ತರುತ್ತೇನೆ.

ಈ ವಿನಂತಿಗಳನ್ನು ಮೊದಲೇ ಕಳಿಸಬೇಕಿತ್ತು. ಈಗ ತಡವಾಗಿದೆ, ಏಕೆಂದರೆ ಏಪ್ರಿಲ್ ಎರಡರ ಭಾನುವಾರ ಬಂದು ಹೋಗಿದೆ.

ಹಿಂದಿನ ದಿನ, ಶನಿವಾರ, ನಾನು ತಿಪಟೂರಿಗೆ ಹೋಗಿದ್ದೆ. ಯಾಕೆಂದು ಈ ಊರಿನಲ್ಲಿ ಯಾರಿಗೂ ಹೇಳಿಲ್ಲ, ತಮಗೆ ಹೇಳುತ್ತೇನೆ. ತರಕಾರಿ ಅಂಗಡಿಯ ಮುಂದೆ ಹುರುಳಿಕಾಯಿ ರಾಶಿಯಾಗಿತ್ತು. ಎರಡು ಕೆಜಿ ತಂದು ಬಳ್ಳಿಗಳ ನಡುವೆ ಸಿಕ್ಕಿಸಿದರೆ ಸಾಕಿತ್ತು, ಮೂಲೆ ನನ್ನದಾಗುತ್ತಿತ್ತು. ಕೈಯಲ್ಲಿ ಚೀಲ ಬಿಚ್ಚಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೆಂದರೆ ಅಂಗಡಿಯವರು ನನಗೆ ಕೂರಲು ಹಲಗೆ ಹಾಕಿದರು. ಕೊನೆಗೆ ಖಾಲಿ ಚೀಲವನ್ನೇ ಮಡಚಿಕೊಂಡು ಬಂದೆ. ಆರು ತಿಂಗಳು ಬಿಂದಿಗೆ ಹೊತ್ತ ಕೈಯಿಂದ ಆ ಕೆಲಸ ಆಗಲಿಲ್ಲ. ಇದರಲ್ಲಿ ಹೊಗಳಿಕೊಳ್ಳುವಂಥದ್ದೇನೂ ಇಲ್ಲ, ಆಗಲಿಲ್ಲ, ಅಷ್ಟೆ.

ಭಾನುವಾರ ಬೆಳಿಗ್ಗೆ ಸಂಘದ ಹನ್ನೊಂದು ಮಂದಿಯೂ ತಮ್ಮ ಬುಡದಲ್ಲಿ ಸೇರಿದರು. ನಾನು ಕೊಯ್ದು ಮೊರದಲ್ಲಿ ಹರಡಿದ್ದು ಏಳು ಹುರುಳಿಕಾಯಿ, ಒಳಗೆ ಒಬ್ಬ ಬಾಡಿಗೆದಾರನಿದ್ದ ಒಂದು ಬದನೆಕಾಯಿ, ಒಂದು ಹಿಡಿ ಕೊತ್ತಂಬರಿ. ಆಮೇಲೆ ಚಿಕ್ಕಗೌರಮ್ಮನವರು ಮೊರವನ್ನು ಬಗ್ಗಿ ನೋಡಿ ಕೇಳಿದರು: "ಇದುನ್ನ ಬೇಯಿಸೋದೇನವ್ವ, ಇಲ್ಲ ಮುಡ್ಕಳೋದ?"

ನಾನು ಒಳಗೆ ಹೋಗಿ ಬಟ್ಟೆ ಜೋಡಿಸಿಕೊಳ್ಳಬೇಕಿತ್ತು. ಆದರೆ ಅದೇ ಚಿಕ್ಕಗೌರಮ್ಮನವರು, ನಗು ಮುಗಿದ ಮೇಲೆ, ನನ್ನ ಪರವಾಗಿ ವಾದ ಮಾಡಿದರು. ಹುಡುಗಿ ಒಂದು ದಿನವೂ ತಪ್ಪಿಸಿಲ್ಲ, ನೆರಳಲ್ಲಿ ದೇವರು ಬಂದರೂ ತರಕಾರಿ ಬೆಳೆಯಲಾರ, ಮರ ಹೇಗೂ ಗೊಡ್ಡು, ಕೊಟ್ಟಿಗೆಗೆ ತೊಲೆಯಂತೂ ಬೇಕೇ ಬೇಕು, ಕಡಿಸಿ ಆ ಮೂಲೆ ಅವಳಿಗೆ ಕೊಟ್ಟು ಇನ್ನೊಂದು ಬೆಳೆ ನೋಡಬಾರದೇಕೆ ಎಂದರು. ಉಳಿದವರೂ ಹೂಂ ಎಂದರು. ರೇವಮ್ಮನವರು ನನ್ನ ಅಂಗೈಗಳನ್ನು ಹಿಡಿದು ತಿರುಗಿಸಿ ನೋಡಿ, ಆಯ್ತು ಎಂದರು. ಮಾನ್ಯರೇ, ಆ ಕ್ಷಣದಲ್ಲಿ ನಾನು ಗೆದ್ದಿದ್ದೆ. ಹೊತ್ತಿಗೆಯಲ್ಲಿ ಹೇಳಿದ ಹಾಗೆ ಮಹಿಳಾ ಸಮುದಾಯದ ಒಮ್ಮತದಿಂದ, ಏಳು ಹುರುಳಿಕಾಯಿಯ ಬಲದಿಂದ, ಗೆದ್ದಿದ್ದೆ.

ಮರ ಕಡಿಯುವ ಕಾಡಸಿದ್ದಪ್ಪನವರಿಗೆ ನಾನೇ ಮೊದಲೇ ಹೇಳಿಕಳಿಸಿದ್ದೆ. ಅವರು ಕೊಡಲಿ ಹಗ್ಗದ ಸಮೇತ ಬಂದು, ರುಮಾಲು ಬಿಗಿದು, ಮರ ಯಾವ ಕಡೆ ಬೀಳಬಹುದೆಂದು ಅಂದಾಜು ಮಾಡಲು ಕಣ್ಣಿಗೆ ಕೈ ಅಡ್ಡ ಹಿಡಿದು ತಲೆ ಎತ್ತಿದರು. ಹಾಗೆಯೇ ತಮ್ಮ ಸುತ್ತ ಒಂದು ಸುತ್ತು ಬಂದರು. ಆಮೇಲೆ ಕೊಡಲಿಯನ್ನು ನೆಲಕ್ಕಿಟ್ಟರು.

"ಗೊಡ್ಡು ಮರ ಅಂತ ಹೇಳ್ಕಳ್ಸಿದ್ರಿ, ಅಮ್ಮಾರೆ. ಮೂರು ಗೊನೆ ಕಟ್ಟೈತಲ್ರೀ. ಕಾಯಿ ಹಿಡಿದಿರೋ ಮರಕ್ಕೆ ನಾನು ಕೊಡ್ಲಿ ಹಾಕಾಕಿಲ್ಲ."

ರೇವಮ್ಮನವರೂ ಸೇರಿ ಹನ್ನೆರಡು ಹೆಂಗಸರೂ ಒಟ್ಟಿಗೆ ತಲೆ ಎತ್ತಿದರು, ನಾನೂ ಎತ್ತಿದೆ. ಆರು ತಿಂಗಳಲ್ಲಿ ನಾನು ತಮ್ಮನ್ನು ಮೇಲಕ್ಕೆ ನೋಡಿದ್ದು ಅದೇ ಮೊದಲು. ನನ್ನ ಕ್ರಾಂತಿಯೆಲ್ಲ ನೆಲದಲ್ಲಿತ್ತು. ಅಲ್ಲಿ, ನಾನು ಹೊತ್ತ ನೀರು, ನಾನು ಕದಡಿದ ಸೆಗಣಿ, ನಾನು ಬೇಡಿ ತಂದ ಹಿಂಡಿ, ಎಲ್ಲವೂ ಹಸಿರಾಗಿ, ದುಂಡಗೆ, ಮಗುವಿನ ತಲೆಯಷ್ಟಾಗಿ ಜೋತುಬಿದ್ದಿದ್ದವು. ಸಣ್ಣತಿಮ್ಮಯ್ಯನವರು ಹಿಂದಿನಿಂದ ತಣ್ಣಗೆ ಹೇಳಿದರು: "ಹರಳು ನಿಂತು ಮೂರು ತಿಂಗಳಾಯ್ತು. ಹೇಳಿದ್ರೆ ಅವ್ವ ನೀರು ನಿಲ್ಲಿಸ್ಬುಡೋದು ಅಂತ ಸುಮ್ಕಿದ್ದೆ."

ತಮ್ಮನ್ನು ಕಡಿಸುವ ಮಾತು ಅಲ್ಲಿಗೇ ಮುಗಿಯಿತು. ಊಟಕ್ಕೆ ರೇವಮ್ಮನವರು ಹುರುಳಿಕಾಳಿನ ಸಾರು, ಮುದ್ದೆ ಮಾಡಿ, ನನ್ನ ಏಳು ಹುರುಳಿಕಾಯಿಯನ್ನು ಇಡಿಇಡಿಯಾಗಿ ಅದರಲ್ಲಿ ಬಿಟ್ಟರು. ಸಿಕ್ಕವರು ಕೈಯೆತ್ತಿ ಎಲ್ಲರಿಗೂ ತೋರಿಸಿ ತಿಂದರು. ಸಿಗದ ನಾಲ್ವರು, ಬಡಿಸಿದ್ದರಲ್ಲಿ ಪಕ್ಷಪಾತವಾಗಿದೆ ಎಂದರು. ನಾನು ಮುದ್ದೆಯನ್ನು ತಟ್ಟೆಯ ಬದಿಗೆ ಸರಿಸಿದೆ. ನಾಳೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ರೇವಮ್ಮನವರು ಸಾರಿನ ಸೌಟು ಹಿಡಿದು ನನ್ನ ತಟ್ಟೆಯ ಮುಂದೆ ನಿಂತರು.

"ಎಂಟು ವರ್ಷ ಗೊಡ್ಡು ಬಿದ್ದಿದ್ದ ಮರ ಹಿಡಿಸ್ದೋಳ್ನ ಯಾವ ಬಾಯಲ್ಲಿ ಹೋಗು ಅನ್ಲಿ? ಕೆರೆ ಕಡೆ ಸಾಲಲ್ಲಿ ಇನ್ನೂ ನಾಕು ಮರ ಹಿಂಗೇ ಅವೆ. ಅಲ್ಲೂ ಒಂದೀಟು ಹುಳ್ಳಿಕಾಯಿ ಹಾಕು ಮಗ."

ಹನ್ನೊಂದು ತಟ್ಟೆಗಳ ಮುಂದಿದ್ದ ಮುಖಗಳನ್ನು ನೋಡಿದೆ. ಒಬ್ಬರ ಮುಖದಲ್ಲಿಯೂ ಆಶ್ಚರ್ಯ ಇರಲಿಲ್ಲ. ಕಾಯಿ ಹಿಡಿದದ್ದು ಅವರಿಗೆ ಆ ಬೆಳಿಗ್ಗೆಯಷ್ಟೇ ಕಂಡಿದ್ದರೂ, ನನ್ನ ನೀರೆಲ್ಲ ಮರಕ್ಕೇ ಹೋಗುತ್ತಿದ್ದುದು ಅವರಿಗೆ ಹೊಸತಲ್ಲ. ಈ ಊರಿನಲ್ಲಿ ಮೊದಲ ದಿನದಿಂದಲೇ ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ನಾನು ಏನು ಬೆಳೆಯುತ್ತಿದ್ದೇನೆಂದು ಗೊತ್ತಿತ್ತು.

ನಾನು ಉಳಿದಿದ್ದೇನೆ. ಸೋತು ಉಳಿದಿದ್ದೇನೆಂದು ತಾವು ಅಲ್ಲಾಡಿಕೊಂಡು ನಗುವ ಅಗತ್ಯವಿಲ್ಲ. ಏಕಬೆಳೆಯ ಸಾಮ್ರಾಜ್ಯವನ್ನು ಒಳಗಿನಿಂದಲೇ ಅಧ್ಯಯನ ಮಾಡಬೇಕೆಂಬ ತತ್ವಬದ್ಧ ನಿರ್ಧಾರ ಇದು, ಮತ್ತು ಅಪ್ಪನಿಗೆ ಬರೆದ ಕಾಗದದಲ್ಲಿಯೂ ಹಾಗೆಯೇ ಬರೆದಿದ್ದೇನೆ. ಯುಗಾದಿಯ ಮಾರನೆಯ ದಿನದಿಂದ ತಮ್ಮ ನಾಲ್ವರು ಬಂಧುಗಳ ಬುಡಕ್ಕೆ ಬಿಂದಿಗೆ ಹೊರುತ್ತಿದ್ದೇನೆ. ಹುರುಳಿಕಾಯಿಯ ಬೀಜವನ್ನೂ ಹಾಕಿದ್ದೇನೆ. ಹಾಕದಿದ್ದರೆ ನಾನು ಸುಮ್ಮನೆ ಮರಕ್ಕೆ ನೀರು ಹಾಕುವವಳಾಗಿಬಿಡುತ್ತೇನೆ. ಈ ಸಲ ತಲೆಯನ್ನೂ ಎತ್ತಿ ನೋಡುತ್ತಿದ್ದೇನೆ. ಅವರಲ್ಲಿ ಯಾರಾದರೂ ಒಂದು ಹರಳನ್ನು ನಿಲ್ಲಿಸಿಕೊಂಡರೆ, ಆ ಸುದ್ದಿ ಸಣ್ಣತಿಮ್ಮಯ್ಯನವರಿಗಿಂತ ಮುಂಚೆ ನನಗೆ ಗೊತ್ತಾಗಬೇಕು. ಈ ಆಸೆ ಯಾವ ಹೊತ್ತಿಗೆಯಲ್ಲಿಯೂ ಇಲ್ಲದ್ದು. ಎಲ್ಲಿಂದ ಬಂತೆಂದು ತಿಳಿಯದೆ ಸ್ವಲ್ಪ ಗಾಬರಿಯಾಗಿದೆ.

ಉತ್ತರವನ್ನು ನಿರೀಕ್ಷಿಸುವುದಿಲ್ಲ. ತಾವು ಉತ್ತರ ಕೊಡುವ ರೀತಿ ನನ್ನ ಬಳ್ಳಿಗಳಿಗೆ ಗೊತ್ತಿದೆ.

ಆರು ತಿಂಗಳು ತಮಗೆ ಎರಡು ಹೊತ್ತು ಬಡಿಸಿದ್ದರೂ ಊಟವಾಯಿತೆಂದು ಒಂದು ಮಾತೂ ಕೇಳಿಸಿಕೊಳ್ಳದ, ಆದರೂ ತಮ್ಮ ವಿಶ್ವಾಸಿ,

ಶಿಲ್ಪ

ತಾ.ಕ.: ಈ ಪತ್ರವನ್ನು ತಮ್ಮ ಎದೆಮಟ್ಟಕ್ಕೆ ಮೊಳೆ ಹೊಡೆದು ತಗುಲಿಸುವುದೆಂದು ತೀರ್ಮಾನಿಸಿದ್ದೆ. ಕಾಯಿ ಹಿಡಿದಿರುವ ಮರಕ್ಕೆ ಮೊಳೆ ಹೊಡೆಯಬಾರದೆಂದು ಸಣ್ಣತಿಮ್ಮಯ್ಯನವರು ಸುತ್ತಿಗೆ ಕಿತ್ತುಕೊಂಡು, ಕಟ್ಟಲು ಒಂದು ಮಾರು ಹಗ್ಗ ಕೊಟ್ಟಿದ್ದಾರೆ. ತೆಂಗಿನ ನಾರಿನ ಹಗ್ಗ. ತಮ್ಮ ವಿರುದ್ಧ ದೂರು ಕೊಡುವುದಕ್ಕೂ ಈ ಊರಿನಲ್ಲಿ ತಮ್ಮವರಿಂದಲೇ ಸಾಮಾನು ತರಬೇಕಾಗಿರುವ ಬಗ್ಗೆ ಇನ್ನೊಂದು ಪ್ರತ್ಯೇಕ ದೂರನ್ನು ಸಿದ್ಧಪಡಿಸುತ್ತಿದ್ದೇನೆ. ಅದನ್ನು ಯಾವುದರಿಂದ ಕಟ್ಟಬೇಕೆಂದು ತೋಚಿದ ಕೂಡಲೇ ಸಲ್ಲಿಸಲಾಗುವುದು.